ವೀಸಾ ಶುಲ್ಕ ಏರುವ ಮುನ್ನ ಲೆಕ್ಕ ಹಾಕುವುದು ಹೇಗೆ?

ಮನೆ ಬಾಡಿಗೆ ಏರಿದರೆ ಬೇರೆ ಮನೆ ನೋಡಬಹುದು. ಪರದೇಶದಲ್ಲಿ ಇರುವವರಿಗೆ ವೀಸಾ ಶುಲ್ಕ ಏರಿದರೆ ಹಾಗಲ್ಲ. ಹಣ ಕಟ್ಟಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾಕ್ಕೆ 2024ರ ಜೂನ್‌ವರೆಗೆ ಅಲ್ಲಿನ 710 ಡಾಲರ್ ಇತ್ತು. ಜುಲೈ 1ರಂದು ಅದು 1,600 ಆಯಿತು, ಮರುವರ್ಷ ಅದೇ ದಿನ 2,000. ಅದೇ 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ತನ್ನ 375 ಡಾಲರನ್ನು 750 ಮಾಡಿತು. ಸರ್ಕಾರಗಳಿಗೆ ಇದು ತಲೆನೋವಿಲ್ಲದ ಆದಾಯ, ಏಕೆಂದರೆ ಹಣ ಕಟ್ಟುವವರಿಗೆ ಹೆಚ್ಚಿನ ಕಡೆ ಮತದ ಹಕ್ಕಿಲ್ಲ. ಏರಿಕೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ಅದು ಬರುವ ದಾರಿಯನ್ನು ಮೊದಲೇ ಕಂಡುಕೊಳ್ಳುವುದು ಇದೆ.

ಹೆಜ್ಜೆ 1: ಮನೆಮಂದಿಯನ್ನೆಲ್ಲ ಸೇರಿಸಿ, ಇರುವ ಅವಧಿಗೆಲ್ಲ ಗುಣಿಸಿ

ಎಲ್ಲರೂ ಎಡವುವುದು ಇಲ್ಲೇ. ಅರ್ಜಿಯ ಪಕ್ಕದಲ್ಲಿ ಅಚ್ಚಾದ ಮೊತ್ತವನ್ನು ನೋಡಿ ‘ಇಷ್ಟೇ ತಾನೆ’ ಎಂದುಕೊಳ್ಳುತ್ತೇವೆ. ಬ್ರಿಟನ್ನಿನ ಉದಾಹರಣೆ ನೋಡಿ. ಅಲ್ಲಿ ನುರಿತ ಕೆಲಸಗಾರರ ವೀಸಾವನ್ನು ದೇಶದೊಳಗಿದ್ದೇ ಮೂರು ವರ್ಷಕ್ಕೆ ವಿಸ್ತರಿಸಿಕೊಳ್ಳಲು 2025ರ ಏಪ್ರಿಲ್‌ನ ದರದಂತೆ ತಲೆಗೆ 885 ಪೌಂಡ್. ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದರೆ 3,540. ಇದರ ಮೇಲೆ ಆರೋಗ್ಯ ಸೇವೆಯ ಹೆಚ್ಚುವರಿ ಶುಲ್ಕವಿದೆ. 2015ರಲ್ಲಿ ವರ್ಷಕ್ಕೆ 200 ಪೌಂಡ್ ಇದ್ದದ್ದು 2019ರಲ್ಲಿ 400, 2020ರಲ್ಲಿ 624 ಆಗಿ, 2024ರ ಫೆಬ್ರುವರಿ 6ರಿಂದ 1,035ಕ್ಕೆ ಮುಟ್ಟಿತು. ವಿದ್ಯಾರ್ಥಿಗಳಿಗೂ ಹದಿನೆಂಟರೊಳಗಿನ ಮಕ್ಕಳಿಗೂ 776. ಮೂರು ವರ್ಷದ್ದನ್ನೂ ಒಟ್ಟಿಗೇ ಮುಂಗಡವಾಗಿ ಕಟ್ಟಬೇಕು. ಇಬ್ಬರು ದೊಡ್ಡವರಿಗೆ 6,210, ಇಬ್ಬರು ಮಕ್ಕಳಿಗೆ 4,656, ಕೂಡಿದರೆ 10,866. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಎರಡೂ ಸೇರಿ 14,406 ಪೌಂಡ್. ಅದೂ ಸಂಬಳದಿಂದ ತೆರಿಗೆ ಕಳೆದು ಕೈಗೆ ಬಂದ ಹಣದಲ್ಲಿ.

ಸೌದಿ ಅರೇಬಿಯಾದ ಲೆಕ್ಕ ಇನ್ನೊಂದು ಬಗೆಯದು. 2017ರ ಜುಲೈಯಲ್ಲಿ ಅವಲಂಬಿತರೊಬ್ಬರಿಗೆ ತಿಂಗಳಿಗೆ 100 ರಿಯಾಲ್ ಎಂದು ಶುರುವಾದ ಶುಲ್ಕ ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿಗೆ ವರ್ಷಕ್ಕೆ 14,400 ರಿಯಾಲ್. ಅನೇಕರು ಸಂಸಾರವನ್ನು ಊರಿಗೆ ಕಳುಹಿಸಿ ಒಂಟಿಯಾಗಿ ಉಳಿದದ್ದು ಇದರಿಂದಲೇ.

ಹೆಜ್ಜೆ 2: ಪಂಚಾಂಗ ನೋಡಿ

ಶುಲ್ಕ ಏರುವುದಕ್ಕೂ ಒಂದು ಋತುಮಾನವಿದೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಜುಲೈ 1, ಬ್ರಿಟನ್ನಿನಲ್ಲಿ ಹೆಚ್ಚಾಗಿ ಏಪ್ರಿಲ್. ಕೆನಡಾ ಕಾಯಂ ವಾಸದ ಶುಲ್ಕವನ್ನು ಎರಡು ವರ್ಷಕ್ಕೊಮ್ಮೆ ಏಪ್ರಿಲ್ 30ರಂದು ಏರಿಸುವ ರೂಢಿ ಇಟ್ಟುಕೊಂಡಿದೆ. ನಿಮ್ಮ ವೀಸಾ ಮುಗಿಯುವ ದಿನ ಇವುಗಳ ಆಸುಪಾಸಿನಲ್ಲಿದ್ದರೆ ಎಷ್ಟು ಮೊದಲೇ ಅರ್ಜಿ ಹಾಕಬಹುದು ಎಂದು ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ ಕಾಯಂ ವಾಸಕ್ಕೆ ಅರ್ಹತೆಯ ಅವಧಿ ತುಂಬುವ 28 ದಿನ ಮೊದಲೇ ಅರ್ಜಿ ಹಾಕಬಹುದು. ಅಮೆರಿಕದ ಪೌರತ್ವಕ್ಕೆ ಈ ರಿಯಾಯಿತಿ 90 ದಿನ.

ಇನ್ನೊಂದು ಮಾತು: ಹಳೆಯ ದರ ಯಾವ ದಿನದವರೆಗೆ ಎಂಬುದಷ್ಟೇ ಅಲ್ಲ, ಯಾವ ಕೆಲಸ ಆ ದಿನದೊಳಗೆ ಮುಗಿದಿರಬೇಕು ಎಂಬುದೂ ಮುಖ್ಯ. ಬ್ರಿಟನ್ನಿನಲ್ಲಿ ಆನ್‌ಲೈನ್ ಅರ್ಜಿ ಸಲ್ಲಿಸಿ ಹಣ ಕಟ್ಟಿರಬೇಕು. 2024ರ ಏಪ್ರಿಲ್‌ 1ರಂದು ಅಮೆರಿಕ ದರ ಏರಿಸಿದಾಗ ಅಂಚೆಯಲ್ಲಿ ಕಳುಹಿಸಿದವರಿಗೆ ಲಕೋಟೆಯ ಮೇಲಿನ ಅಂಚೆ ಮುದ್ರೆಯ ದಿನಾಂಕವೇ ಪ್ರಮಾಣವಾಗಿತ್ತು. ಹಾಗೆಂದು ಅವಸರದಲ್ಲಿ ಅರೆಬರೆ ಕಾಗದ ತುರುಕಿ ಕಳುಹಿಸಬೇಡಿ. ಅರ್ಜಿ ವಾಪಸ್ ಬಂದರೆ ಹೊಸ ದರ ಕಟ್ಟಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹೆಜ್ಜೆ 3: ಆದೇಶದ ಮೂಲ ಪಠ್ಯ ಓದಿ

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಎಚ್-1ಬಿ (ನುರಿತ ವಿದೇಶಿ ನೌಕರರ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ರಜೆಗೆ ಹೋಗಿದ್ದವರು ಸಿಕ್ಕಿದ ಬೆಲೆಗೆ ವಿಮಾನ ಟಿಕೆಟ್ ಕೊಂಡು ಓಡೋಡಿ ಬಂದರು. ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ ಎಂಬ ಸ್ಪಷ್ಟನೆ ಮರುದಿನ ಬಂತು. ಓಡೋಡಿ ಬಂದವರಲ್ಲಿ ಅನೇಕರನ್ನು ಕಂಪನಿಗಳೇ ಕರೆಸಿಕೊಂಡಿದ್ದವು, ಆದ್ದರಿಂದ ಅವರನ್ನು ದೂರಿ ಫಲವಿಲ್ಲ. ಆದರೂ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ನಂಬುವ ಮೊದಲು ವಲಸೆ ಇಲಾಖೆಯ ಪುಟದಲ್ಲಿ ಮೂರು ವಿಷಯ ಹುಡುಕಿ: ಯಾವ ವರ್ಗದ ವೀಸಾಕ್ಕೆ, ಯಾವ ದಿನದಿಂದ, ಹೊಸಬರಿಗೋ ಹಳಬರಿಗೂ ಸೇರಿಯೋ.

ಹೆಜ್ಜೆ 4: ಯಾರು ಕಟ್ಟಬೇಕು ಎಂದು ಕೇಳಿ

ಸಂಕೋಚ ಬೇಡ. ಸೌದಿಯ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸಗಾರನ ಇಕಾಮಾ (ವಾಸದ ಪರವಾನಗಿ) ಮತ್ತು ಅದರ ನವೀಕರಣದ ಶುಲ್ಕ ಮಾಲೀಕನದು, ತಡವಾದರೆ ಬೀಳುವ ದಂಡವೂ ಅವನದೇ. ಬ್ರಿಟನ್ನಿನಲ್ಲಿ ಕಂಪನಿ ಕಟ್ಟುವ ವಲಸೆ ಕೌಶಲ ಶುಲ್ಕವನ್ನು ನೌಕರನಿಂದ ವಸೂಲಿ ಮಾಡುವಂತಿಲ್ಲ. ಉಳಿದ ಶುಲ್ಕಗಳನ್ನು ಕಂಪನಿ ಕೊಟ್ಟರೆ, ‘ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ಹಿಂದಿರುಗಿಸಬೇಕು’ ಎಂಬಂಥ ಸಾಲು ಒಪ್ಪಂದದಲ್ಲಿ ಅಡಗಿರಬಹುದು, ಸಹಿಗೆ ಮೊದಲೇ ಹುಡುಕಿ. ವಿನಾಯಿತಿಗಳನ್ನೂ ನೋಡಿ. ಬ್ರಿಟನ್ನಿನ ಆರೋಗ್ಯ ಮತ್ತು ಆರೈಕೆ ಕೆಲಸಗಾರರ ವೀಸಾ ಇರುವವರು, ಅವರ ಅವಲಂಬಿತರು ಆರೋಗ್ಯ ಸೇವೆಯ ಆ ಹೆಚ್ಚುವರಿ ಶುಲ್ಕ ಕಟ್ಟಬೇಕಿಲ್ಲ.

ಹೆಜ್ಜೆ 5: ಚಿಲ್ಲರೆ ಉಳಿತಾಯ, ಚಿಲ್ಲರೆ ಸೋರಿಕೆ

ಆನ್‌ಲೈನ್ ಅರ್ಜಿಗೆ ಕೆಲವೆಡೆ ದರ ಕಡಿಮೆ. 2024ರ ಏರಿಕೆಯ ನಂತರ ಅಮೆರಿಕದ ಪೌರತ್ವದ ಅರ್ಜಿಗೆ ಕಾಗದದಲ್ಲಿ 760 ಡಾಲರ್, ಆನ್‌ಲೈನ್‌ನಲ್ಲಿ 710. ಜಪಾನ್ 2025ರ ಏಪ್ರಿಲ್‌ನಲ್ಲಿ ವಾಸದ ಅವಧಿ ವಿಸ್ತರಣೆಯ 4,000 ಯೆನ್ನನ್ನು 6,000ಕ್ಕೆ ಏರಿಸಿದಾಗ ಆನ್‌ಲೈನ್‌ಗೆ 5,500 ಇಟ್ಟಿತು. ಇನ್ನು ಸೋರಿಕೆ: ಬೆರಳಚ್ಚು, ವೈದ್ಯಕೀಯ ತಪಾಸಣೆ, ಅನುವಾದ, ಅರ್ಜಿ ಕೇಂದ್ರದ ಸೇವಾ ಶುಲ್ಕ, ಕಾರ್ಡಿನ ವಿನಿಮಯ ಶುಲ್ಕ. ಆಸ್ಟ್ರೇಲಿಯಾದೊಳಗೆ ಇದ್ದುಕೊಂಡೇ ಒಂದರ ಮೇಲೊಂದು ತಾತ್ಕಾಲಿಕ ವೀಸಾ ಕೇಳಿದರೆ 700 ಡಾಲರ್ ಹೆಚ್ಚುವರಿ ಬೀಳಬಹುದು. ಶೀಘ್ರ ಸೇವೆಗೆ ಹಣ ಸುರಿಯುವ ಅಗತ್ಯ ಹೆಚ್ಚಿನವರಿಗೆ ಇರುವುದಿಲ್ಲ. ಬಹುತೇಕ ಅದು ತಡವಾಗಿ ಹೊರಟವರು ತೆರುವ ದಂಡ.

ಹೆಜ್ಜೆ 6: ಬೇರೆ ಖಾತೆಯಲ್ಲಿ ಕೂಡಿಡಿ

ಮೊದಲು ಹಾಕಿದ 14,406 ಪೌಂಡನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 400. ವೀಸಾ ಕೈಗೆ ಬಂದ ತಿಂಗಳಿನಿಂದಲೇ ಮುಂದಿನ ನವೀಕರಣಕ್ಕೆ ಎತ್ತಿಡಿ, ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ಇಂದಿನ ದರಕ್ಕೆ ಹತ್ತಿಪ್ಪತ್ತು ಶೇಕಡಾ ಸೇರಿಸಿಯೇ ಲೆಕ್ಕ ಹಾಕಿ. ಕಾಯಂ ವಾಸದ ಗುರಿ ಇದ್ದವರು ಅದಕ್ಕೂ ಬೇರೆ ಗಂಟು ಕಟ್ಟಬೇಕು. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನ ದರ ತಲೆಗೆ 3,029 ಪೌಂಡ್.

ಅರ್ಜಿ ತಿರಸ್ಕೃತವಾದರೆ ಬ್ರಿಟನ್ ಅರ್ಜಿ ಶುಲ್ಕವನ್ನು ಹಿಂದಿರುಗಿಸುವುದಿಲ್ಲ, ಆರೋಗ್ಯ ಸೇವೆಯ ಶುಲ್ಕವನ್ನು ಹಿಂದಿರುಗಿಸುತ್ತದೆ. ಹಣ ಮರಳುವುದು ಕಟ್ಟಿದ ಕಾರ್ಡಿಗೇ ಆದ್ದರಿಂದ ಫಲಿತಾಂಶ ಬರುವವರೆಗೆ ಆ ಖಾತೆಯನ್ನು ಮುಚ್ಚಬೇಡಿ, ರಸೀದಿಯನ್ನು ಎಸೆಯಬೇಡಿ.