ಶಿರಸಿಯ ನಮ್ಮ ಕುಲುಮೆಗೆ ಪವರ್ ಹ್ಯಾಮರ್ ತಗೊಂಡ ಅನುಭವ

ಪವರ್ ಹ್ಯಾಮರ್, ಅಂದ್ರೆ ಕಾದ ಕಬ್ಬಿಣ ಬಡಿಯೋ ಮಷಿನ್, ತಗೊಂಡೆ ಅಂದ ಕೂಡ್ಲೇ ಎಲ್ರೂ ಕೇಳೋದು ಒಂದೇ, ಎಷ್ಟು ಕೆಜಿದು, ಅಂದ್ರೆ ಹೊಡೆಯೋ ತೂಕ ಎಷ್ಟು ಅಂತ. ನಂದು 25 ಕೆಜಿ, ಏರ್ ಹ್ಯಾಮರ್. ಇದೇ ದುಡ್ಡಿಗೆ 50 ಕೆಜಿ ಸ್ಪ್ರಿಂಗ್ ಹ್ಯಾಮರ್ ಬರ್ತಿತ್ತಲ್ಲ ಮಾರಾಯ ಅಂತ ಸುಮಾರು ಜನ ಅಂದ್ರು. ಹೌದು, ಬರ್ತಿತ್ತು, ಇನ್ನೂ ದುಡ್ಡು ಉಳೀತಿತ್ತು. ಆದ್ರೂ ಇದನ್ನೇ ಯಾಕೆ ತಂದೆ ಅಂತ ಸ್ವಲ್ಪ ವಿವರವಾಗೇ ಬರೀತೀನಿ, ಯಾಕಂದ್ರೆ ನಮ್ಮ ಕಡೆ ಕುಲುಮೆ ನಡೆಸೋರು ಈಗ ಒಬ್ಬೊಬ್ರಾಗಿ ಮಷಿನ್ ಹುಡುಕ್ತಾ ಇದಾರೆ, ಮಾರೋರು ಮಾತ್ರ ಬರೀ ಕೆಜಿ ಲೆಕ್ಕ ಹೇಳಿ ಮುಗಿಸ್ತಾರೆ.

ನಮ್ದು ಹೆಚ್ಚಾಗಿ ಹರಿತದ ಕೆಲಸ. ಸೊಪ್ಪು ಕಡಿಯೋ ಕತ್ತಿ, ಅಡಿಕೆ ಕೊನೆ ಇಳಿಸೋ ಕೊನೆಗೌಡ್ರಿಗೆ ಕೊನೆಗತ್ತಿ, ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ, ಕೊಡ್ಲಿ, ಮಧ್ಯೆ ಗುದ್ದಲಿ ಹಾರೆ ಹಣಿಯೋದು. ಅಪ್ಪಯ್ಯನ ಕಾಲದಲ್ಲಿ ಎದುರಿಗೆ ಚಮ್ಮಟಿಗೆ ಹಿಡಿದು ನಿಲ್ಲೋಕೆ ಯಾವಾಗ್ಲೂ ಒಬ್ಬ ಇರ್ತಿದ್ದ, ಈಗ ಆ ವಯಸ್ಸಿನ ಹುಡುಗ್ರು ಗೋವಾ, ಬೆಂಗಳೂರಲ್ಲಿದಾರೆ. ಕೊನೆ ಕೊಯ್ಲು ಶುರುವಾಗೋ ಮುಂಚೆ ಎಲ್ರಿಗೂ ಒಂದೇ ಸಲ ಕತ್ತಿ ಬೇಕು, ಒಬ್ಬನೇ ಎಷ್ಟು ಬಡೀತೀರಿ?

ಸಿಗೋ ಮಷಿನ್ ಮುಖ್ಯವಾಗಿ ಎರಡು ಜಾತಿ. ಸ್ಪ್ರಿಂಗ್ ಹ್ಯಾಮರ್‌ನಲ್ಲಿ ಮೋಟರ್ ಬೆಲ್ಟ್ ಹಾಕಿ ಒಂದು ದೊಡ್ಡ ಚಕ್ರ ತಿರುಗಿಸತ್ತೆ, ಚಕ್ರಕ್ಕೆ ಕೂರ್ಸಿದ ಕ್ರ್ಯಾಂಕ್ ಲಾರಿ ಸ್ಪ್ರಿಂಗ್ ಥರದ ಪ್ಲೇಟುಗಳ ಕಟ್ಟನ್ನ ಮೇಲೆ ಕೆಳಗೆ ಆಡಿಸತ್ತೆ, ಪ್ಲೇಟಿನ ತುದಿಗೆ ಹೊಡೆಯೋ ತೂಕ ಇರತ್ತೆ. ಪೆಡಲ್ ಒತ್ತಿದ್ರೆ ಬೆಲ್ಟ್ ಬಿಗಿ ಆಗಿ ಹೊಡೆತ ಶುರು. ಗಟ್ಟಿ ಮಷಿನ್, ರಿಪೇರಿಗೆ ದೂರ ಹೋಗ್ಬೇಕಾಗಿಲ್ಲ, ಪ್ಲೇಟ್ ಮುರಿದ್ರೆ ಲಾರಿ ಗ್ಯಾರೇಜಲ್ಲೇ ಸಿಗತ್ತೆ. ಅದರ ತೊಂದ್ರೆ ಏನಂದ್ರೆ ಕ್ರ್ಯಾಂಕ್ ಎಷ್ಟು ದೂರಕ್ಕೆ ಕೂತಿದೆಯೋ ಅಷ್ಟೇ ಅದರ ಆಟ. ಒಂದು ಇಂಚು ದಪ್ಪಕ್ಕೆ ಸೆಟ್ ಮಾಡಿದ್ರೆ ಅದೇ ತುಂಡು ಕಾಲಿಂಚಿಗೆ ಬಂದಾಗ ಹೊಡೆತ ಸರಿಯಾಗಿ ತಲುಪಲ್ಲ, ನಿಲ್ಲಿಸಿ ನಟ್ಟು ಸಡಿಲ ಮಾಡಿ ಮತ್ತೆ ಅಡ್ಜಸ್ಟ್ ಮಾಡ್ಬೇಕು, ಅಷ್ಟೊತ್ತಿಗೆ ಕಬ್ಬಿಣ ತಣ್ಣಗಾಗಿರತ್ತೆ.

ಏರ್ ಹ್ಯಾಮರ್ ಒಳಗೆ ಎರಡು ಸಿಲಿಂಡರ್. ಒಂದರಲ್ಲಿ ಮೋಟರ್ ಪಿಸ್ಟನ್ ಓಡಿಸಿ ಗಾಳಿ ಒತ್ತತ್ತೆ, ಇನ್ನೊಂದರಲ್ಲಿ ಆ ಗಾಳಿಯಿಂದ ತೂಕ ಏರಿ ಇಳಿಯತ್ತೆ. ಹೊರಗೆ ಬೇರೆ ಕಂಪ್ರೆಸರ್ ಬೇಡ. ಪೆಡಲ್ ಅಂದ್ರೆ ವಾಲ್ವ್, ಸ್ವಲ್ಪ ಒತ್ತಿದ್ರೆ ತಟ್ಟತ್ತೆ, ಪೂರ್ತಿ ಒತ್ತಿದ್ರೆ ಬಡಿಯತ್ತೆ, ಮಾಲು ದಪ್ಪ ಇರ್ಲಿ ತೆಳು ಇರ್ಲಿ ಅಲ್ಲಿಗೇ ಬಂದು ತಾಗತ್ತೆ. ಕತ್ತಿ ಕೆಲಸ ಅಂದ್ರೆ ಒಂದೇ ತುಂಡಲ್ಲಿ ಬೆನ್ನು ದಪ್ಪ, ಬಾಯಿ ತೆಳು, ಹಿಡಿಕೆಗೆ ಹೋಗೋ ಬಾಲ ಚೂಪು. ಕಾಲಿನ ಮಾತು ಕೇಳದ ಮಷಿನ್ ಇಟ್ಕೊಂಡು ಇದನ್ನ ಮಾಡೋದು ಕಷ್ಟ ಅನ್ನೋದೇ ನನ್ನ ಪೂರ್ತಿ ಲೆಕ್ಕಾಚಾರ.

ಬಟಾಲಾ, ಲುಧಿಯಾನ, ರಾಜಕೋಟ್ ಕಡೆಯಿಂದ ವಿಡಿಯೋ ತುಂಬಾ ಬಂದ್ವು, ಎಲ್ಲದ್ರಲ್ಲೂ ದೊಡ್ಡ ಕಬ್ಬಿಣ ಧಡಧಡ ಬಡಿಯೋದೇ. ಜೋರಾಗಿ ಹೊಡೆಯೋದು ಯಾವ ಮಷಿನ್ನೂ ಮಾಡತ್ತೆ, ನಂಗೆ ನೋಡ್ಬೇಕಾಗಿದ್ದು ಮೆಲ್ಲಗೆ ಹೊಡೆಯತ್ತಾ ಅಂತ. ಬೆಳಗಾವಿ ಉದ್ಯಮಬಾಗ್‌ನಲ್ಲಿ ಪರಿಚಯದವರ ವರ್ಕ್‌ಶಾಪಲ್ಲಿ ಇದೇ ಸೈಜಿಂದು ಓಡ್ತಿದೆ ಅಂತ ಗೊತ್ತಾಗಿ, ಒಂದಿಂಚು ಚೌಕದ ಸರಳು, ಲಾರಿ ಸ್ಪ್ರಿಂಗ್ ಪ್ಲೇಟಿನ ತುಂಡು, ನನ್ನದೇ ಇಕ್ಕಳ ಚೀಲಕ್ಕೆ ಹಾಕ್ಕೊಂಡು ಹೋದೆ. ಮೊದ್ಲು ಒಂದು ಕಟ್ಟಿಗೆ ತುಂಡು ಡೈ (ಮಾಲಿಗೆ ತಾಗೋ ಉಕ್ಕಿನ ಗಟ್ಟಿ, ಮೇಲೊಂದು ಕೆಳಗೊಂದು ಇರತ್ತೆ) ಮೇಲಿಟ್ಟು ಜಜ್ಜಿ ಹೋಗದ ಹಾಗೆ ತಟ್ಟಿ ನೋಡ್ದೆ. ಅಲ್ಲಿನ ಹಳೇ ಮಿಸ್ತ್ರಿ, "ಕಾಲ ಹಗುರ ಇಡ್ರಿ, ಒತ್ತಬ್ಯಾಡ್ರಿ, ಅದ ತಾನ ಬರ್ತದ" ಅಂದ್ರು. ಹಾಗೇ ಮಾಡ್ದೆ, ಕಟ್ಟಿಗೆ ಮೇಲೆ ಬರೀ ಗುರುತು ಬಿತ್ತು. ಆಮೇಲೆ ಸರಳು ಕಾಯಿಸಿ ಚಪ್ಪಟೆ ಎಳೆದು, ತಣ್ಣಗಾದ್ಮೇಲೆ ಎರಡೂ ಅಂಚಿನ ದಪ್ಪ ಕ್ಯಾಲಿಪರಲ್ಲಿ ಅಳೆದೆ. ಒಂದು ಕಡೆ ತೆಳು ಒಂದು ಕಡೆ ದಪ್ಪ ಬಂದ್ರೆ ಮೇಲಿನ ಡೈ ಕೆಳಗಿನ ಡೈ ಒಂದಕ್ಕೊಂದು ಸಮ ಇಲ್ಲ, ಇಲ್ಲಾ ತೂಕ ಓಡೋ ದಾರಿ ಸವೆದಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಮಾಡ್ದೇ ಅಡ್ವಾನ್ಸ್ ಕೊಡ್ಬೇಡಿ. ಡೈ ಕೂರೋ ತೋಡಿನ ಮೂಲೇಲಿ ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ, ಎಣ್ಣೆ ಪಂಪು ಎಣ್ಣೆ ಎತ್ತತ್ತಾ ನೋಡಿ.

ಕೆಜಿಗಿಂತ ದೊಡ್ಡ ವಿಷಯ ಅಡಿಗಲ್ಲಿನ, ಅಂದ್ರೆ ಕೆಳಗಿನ ಡೈ ಕೂರೋ ಕಬ್ಬಿಣದ ದಿಮ್ಮಿಯ, ತೂಕ. ಹೊಡೆಯೋ ತೂಕದ ಹತ್ತು ಪಟ್ಟಾದ್ರೂ ಇರ್ಬೇಕು, ಹದಿನೈದು ಪಟ್ಟು ಇದ್ರೆ ಚಂದ. ಅಂದ್ರೆ 25 ಕೆಜಿಗೆ 250ರಿಂದ 375 ಕೆಜಿ. ಅದು ಹಗುರ ಆದ್ರೆ ಹೊಡೆತ ಕಬ್ಬಿಣಕ್ಕೆ ಇಳಿಯೋ ಬದ್ಲು ನೆಲಕ್ಕೆ ಹೋಗತ್ತೆ, ನೆಲ ನಡುಗತ್ತೆ, ಕತ್ತಿ ಮಾತ್ರ ಇದ್ದಲ್ಲೇ ಇರತ್ತೆ. ಕೊಟೇಶನ್‌ನಲ್ಲಿ ಮಷಿನ್ನಿನ ಒಟ್ಟು ತೂಕ ಬರೆದಿರ್ತಾರೆ, ಅಡಿಗಲ್ಲಿಂದು ಬೇರೆ ಕೇಳಿ ಬರೆಸ್ಕೊಳಿ. 50 ಕೆಜಿ ಅಂತ ಕಡಿಮೆ ರೇಟಿಗೆ ಬಂದಿದ್ದು ನಂಗೆ ಬೇಡ ಅನ್ನಿಸಿದ್ದು ಇದನ್ನ ಕೇಳಿದ್ಮೇಲೇ.

ಕರೆಂಟು. 25 ಕೆಜಿ ಏರ್ ಹ್ಯಾಮರ್‌ಗೆ 2.2 ಕಿಲೋವಾಟ್ ಅಂದ್ರೆ 3 ಎಚ್‌ಪಿ ಮೋಟರ್ ಬರತ್ತೆ, ನಿಮಿಷಕ್ಕೆ 250ರ ಹತ್ರ ಹೊಡೆತ. 75 ಕೆಜಿಗೆ ಹೋದ್ರೆ 10 ಎಚ್‌ಪಿ ಬೇಕು. ಸ್ಟಾರ್ಟ್ ಆಗೋವಾಗ ಮೋಟರ್ ಆರೇಳು ಪಟ್ಟು ಆಂಪ್ಸ್ ಎಳೆಯತ್ತೆ, ಹಳ್ಳಿ ಲೈನಿನ ಕೊನೇ ಕಂಬದಲ್ಲಿರೋರು ಇದನ್ನ ಯೋಚ್ನೆ ಮಾಡ್ಲೇಬೇಕು. ಹೆಸ್ಕಾಂನಲ್ಲಿ ತ್ರೀ ಫೇಸ್ ಲೋಡ್ ಮಂಜೂರು ಮಾಡಿಸ್ಕೊಂಡೇ ಮಷಿನ್ ಬುಕ್ ಮಾಡ್ದೆ. ನಮ್ಮ ಮಳೆಗಾಲದಲ್ಲಿ ಮರದ ಟೊಂಗೆ ಬಿದ್ದು ಒಂದು ಫೇಸ್ ಹೋಗೋದು ಮಾಮೂಲು, ಎರಡೇ ಫೇಸಲ್ಲಿ ಓಡಿದ್ರೆ ಮೋಟರ್ ಸುಟ್ಟೇ ಹೋಗತ್ತೆ, ಹಂಗಾಗಿ ಸ್ಟಾರ್ಟರ್ ಜೊತೆ, ಒಂದು ಫೇಸ್ ಹೋದ್ರೆ ಮೋಟರ್ ನಿಲ್ಲಿಸೋ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕ್ಸಿ. ಚಕ್ರದ ಮೇಲೆ ಬಾಣದ ಗುರುತಿದ್ರೆ ಅದೇ ದಿಕ್ಕಿಗೆ ತಿರುಗ್ತಿದೆಯಾ ನೋಡಿ, ಉಲ್ಟಾ ಇದ್ರೆ ಯಾವ್ದಾದ್ರೂ ಎರಡು ಫೇಸ್ ವೈರು ಅದಲು ಬದಲು ಮಾಡಿದ್ರೆ ಸಾಕು.

ದುಡ್ಡಿನ ಬಗ್ಗೆ ಜಾಸ್ತಿ ಬರಿಯಲ್ಲ. ರೇಟ್ ಮೇಲೆ 18% ಜಿಎಸ್‌ಟಿ, ಲಾರಿ ಬಾಡಿಗೆ, ಇಳಿಸೋಕೆ ಕ್ರೇನು, ಫೌಂಡೇಶನ್, ಎಲ್ಲ ಸೇರಿಸಿ ಲೆಕ್ಕ ಹಾಕಿ. 2023ರಲ್ಲಿ ಶುರುವಾದ, ಕಸುಬುದಾರರಿಗೆ ಅಂತ ಇರೋ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬಲ್ಲಿ ಕಮ್ಮಾರಿಕೆ ಇದೆ, 15,000 ರೂಪಾಯಿ ತನಕ ಟೂಲ್‌ಕಿಟ್‌ಗೆ, ಸಾಲ ಮೊದಲ ಕಂತು 1 ಲಕ್ಷ, ಅದು ತೀರಿದ್ಮೇಲೆ 2 ಲಕ್ಷ, ಬಡ್ಡಿ 5%. ಮೊದಲ ಕಂತಲ್ಲೇ ಏರ್ ಹ್ಯಾಮರ್ ಬರತ್ತೆ ಅಂತ ಅಂದ್ಕೋಬೇಡಿ.

ಫೌಂಡೇಶನ್ ಮಾತ್ರ ಬೇಸಿಗೇಲೇ ಮುಗಿಸ್ಬೇಕು, ಜೂನ್ ಆದ್ಮೇಲೆ ಗುಂಡಿ ತೋಡಿದ್ರೆ ಅದು ಬಾವಿ. ನಮ್ಮಲ್ಲಿ ಮೇಲಿನ ಕೆಮ್ಮಣ್ಣು ತೆಗೆದು ಗಟ್ಟಿ ಚಿರೆಕಲ್ಲು ಸಿಗೋ ತನಕ ತೋಡಿಸ್ದೆ, ಅಲ್ಲಿಂದ ಸರಳು ಕಟ್ಟಿ ಕಾಂಕ್ರೀಟು. ಬೋಲ್ಟಿನ ಜಾಗಕ್ಕೆ ಮಷಿನ್ನಿನ ಡ್ರಾಯಿಂಗ್ ಮೊದ್ಲೇ ತರಿಸಿ, ಪ್ಲೈವುಡ್ಡಲ್ಲಿ ಅಚ್ಚು ಕೊರೆದು ಇಟ್ಕೊಂಡಿದ್ವಿ. ಕಾಂಕ್ರೀಟ್ ದಿಮ್ಮಿ ಗೋಡೆಯ ಪಾಯಕ್ಕೆ ತಾಗ್ಬಾರ್ದು, ಸುತ್ತ ಒಂದು ಗೇಣು ಬಿಟ್ಟು ಮರಳು ತುಂಬಿಸಿ. ಚಿರೆಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು ಇರೋ ಕಡೆ ಹೊಡೆತದ ನಡುಕ ಗೋಡೆ ಹತ್ತಿದ್ರೆ ಹಂಚು ಒಂದೊಂದಾಗಿ ಜಾರತ್ತೆ. ಮಷಿನ್ ಅಡಿಗೆ ಹಳೇ ಕನ್ವೇಯರ್ ಬೆಲ್ಟ್ ಹಾಸಿದೀವಿ. ಕಾಂಕ್ರೀಟಿಗೆ ನಾಕು ವಾರ ಪೂರ್ತಿ ಕೊಟ್ಟು ಆಮೇಲೆ ಕೂರ್ಸಿದ್ದು. ಹಾರೆ ಉದ್ದ ಐದು ಅಡಿ ಇರತ್ತೆ, ಅದನ್ನ ಎರಡೂ ಕಡೆಯಿಂದ ಹಿಡಿದು ತಿರುಗಿಸೋಕೆ ಜಾಗ ಬಿಟ್ಟು ಮಷಿನ್ ಎಲ್ಲಿ ಅಂತ ಗುರುತು ಹಾಕಿ, ಕುಲುಮೆ ಬೆಂಕಿಯಿಂದ ಎರಡು ಹೆಜ್ಜೆಗಿಂತ ದೂರ ಬೇಡ.

ಈಗ ಕೆಲಸ ಹೆಂಗಿದೆ ಅಂದ್ರೆ, ಮೊದ್ಲು ಮೂರ್ನಾಕು ಕಾವಿಗೆ ಆಗ್ತಿದ್ದ ಎಳೆತ ಒಂದೇ ಕಾವಿಗೆ ಆಗ್ತಿದೆ, ಇದ್ದಲು ಉಳಿತಿದೆ, ಪದೇ ಪದೇ ಬೆಂಕಿಗೆ ಹೋಗೋದು ತಪ್ಪಿ ಉಕ್ಕಿನ ಮೈಯೂ ಕೆಡಲ್ಲ. ಲಾರಿ ಪ್ಲೇಟು ಕಿತ್ತಳೆ ಬಣ್ಣಕ್ಕೆ ಬಂದಾಗ ಶುರು ಮಾಡಿ ಕಡುಗೆಂಪಿಗೆ ಇಳಿಯೋ ಮುಂಚೆ ನಿಲ್ಲಿಸ್ಬೇಕು, ಕೈ ಸುತ್ತಿಗೆಗಾದ್ರೆ ಕೈಯೇ ಹೇಳ್ತಿತ್ತು ಗಟ್ಟಿ ಆಯ್ತು ಅಂತ, ಮಷಿನ್ ಹೇಳಲ್ಲ, ಹೊಡೀತಾನೇ ಇರತ್ತೆ, ಪ್ಲೇಟ್ ಒಳಗೆ ಬಿರಿಯತ್ತೆ. ತುಂಡು ಡೈಗೆ ಸಮ ಕೂತಿರ್ಬೇಕು, ತುದಿ ಎತ್ತಿದ್ರೆ ಇಕ್ಕಳ ಮಣಿಕಟ್ಟಿಗೆ ಒದೆಯತ್ತೆ. ಹಂಗಾಗಿ ಪ್ಲೇಟಿನ ದಪ್ಪಕ್ಕೆ ಸರಿಯಾಗಿ ಬಾಯಿ ಕೂರೋ ಇಕ್ಕಳ ಬೇರೆ ಬೇರೆ ಮಾಡ್ಕೊಂಡಿದೀನಿ. ಮಧ್ಯೆ ಏನೂ ಇಡದೇ ಡೈ ಮೇಲೆ ಡೈ ಹೊಡೆಸ್ಬೇಡಿ. ಡೈಯ ಬೆಣೆ ಹೊಸದ್ರಲ್ಲಿ ಸಡಿಲ ಆಗ್ತಾ ಇರತ್ತೆ, ಬೆಳಿಗ್ಗೆ ಮೊದಲ ಕೆಲಸ ಅದನ್ನ ಬಡಿದು ನೋಡೋದು. ಕಿವಿಗೆ ಇಯರ್ ಮಫ್ ಇಲ್ದೇ ನಮ್ಮ ಕುಲುಮೇಲಿ ಯಾರೂ ಪೆಡಲ್ ಮುಟ್ಟಲ್ಲ, ಅಪ್ಪಯ್ಯನಿಗೂ ಹಾಕ್ಸಿದೀನಿ.

ಗುದ್ದಲಿ, ಪಿಕಾಸಿ ಅಂತ ಒಂದೇ ಮಾಲನ್ನ ಸಾಲಾಗಿ ಮಾಡೋ ಕುಲುಮೆ ಆದ್ರೆ ಸ್ಪ್ರಿಂಗ್ ಹ್ಯಾಮರ್ರೇ ತಗೊಳಿ, ಒಂದ್ಸಲ ಸೆಟ್ ಮಾಡಿದ್ರೆ ದಿನವಿಡೀ ಅದೇ ದಪ್ಪ, ದುಡ್ಡೂ ಕಡಿಮೆ. ಅದ್ರಲ್ಲೂ ಸ್ಪೀಡ್ ಲೆಕ್ಕ ನೀವೇ ಹಾಕಿ: 1440 ಆರ್‌ಪಿಎಂ ಮೋಟರಿಗೆ 4 ಇಂಚಿನ ಪುಲ್ಲಿ, ಚಕ್ರ 24 ಇಂಚು ಅಂದ್ರೆ ನಿಮಿಷಕ್ಕೆ 240 ಹೊಡೆತ. ಪುಲ್ಲಿ ದೊಡ್ಡದು ಹಾಕಿ ಇನ್ನೂ ಫಾಸ್ಟ್ ಮಾಡ್ಕೊಡ್ತೀವಿ ಅಂತ ಹೇಳ್ತಾರೆ, ಬೇಡ ಅನ್ನಿ, ಸ್ಪ್ರಿಂಗ್ ಪ್ಲೇಟು ಬೇಗ ಹೋಗತ್ತೆ. ಕತ್ತಿ ಮಾಡೋರು ಒಂದು ಲಾರಿ ಪ್ಲೇಟ್ ತುಂಡು ಹಿಡ್ಕೊಂಡು ನಮ್ಮಲ್ಲಿಗೆ ಬನ್ನಿ, ನಿಮ್ಮ ಕಾಲಲ್ಲೇ ಒತ್ತಿ ನೋಡಿ, ಆಮೇಲೆ ಯಾವ್ದು ಅಂತ ತೀರ್ಮಾನ ಮಾಡಿ.