ಜ್ರೆನ್ಯಾನಿನ್ ಕಡೆ ಬರುವವರಿಗೆ: ಬೇಲೋ ಬ್ಲಾತೋದಲ್ಲಿ ನಾನು ಕೇಳಬಾರದಿದ್ದ ಪ್ರಶ್ನೆ

ಸರ್ಬಿಯಾಕ್ಕೆ ಬಂದಿಳಿದ 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ನೋಂದಾಯಿಸಿ ಬಿಳಿ ಚೀಟಿ ಪಡೆಯಿರಿ. ಉತ್ತರ ಸರ್ಬಿಯಾದ ಜ್ರೆನ್ಯಾನಿನ್ ಪಟ್ಟಣದಲ್ಲಿ ನಲ್ಲಿಯ ನೀರು ಕುಡಿಯುವ ಮುನ್ನ ಮನೆ ಮಾಲೀಕರನ್ನು ಕೇಳಿ. ಆರ್ಸೆನಿಕ್ ಇದೆಯೆಂದು 2004ರಲ್ಲೇ ಅದನ್ನು ನಿಷೇಧಿಸಿದ್ದರು, ನಮ್ಮಂತೆ ಕುದಿಸಿ ಆರಿಸಿದರೆ ಅದು ಹೋಗುವುದಿಲ್ಲ. ಕಾಗದಪತ್ರದ ಮಾತು ಇಷ್ಟು ಸಾಕು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ‘ಪೋಸ್ನೋ’ ಎಂದರೆ ಉಪವಾಸದ ಅಡುಗೆ ಎಂದು ಯಾರೋ ಹೇಳಿದರು. ಏಕಾದಶಿಯ ಲೆಕ್ಕದಲ್ಲಿ ಧೈರ್ಯವಾಗಿ ತರಿಸಿದೆ. ತಟ್ಟೆಯಲ್ಲಿ ಮೀನು ಬಂದು ನನ್ನನ್ನೇ ನೋಡಿತು. ಇಲ್ಲಿಯ ಉಪವಾಸದ ಹಲವು ದಿನಗಳಲ್ಲಿ ಮೀನು ನಡೆಯುತ್ತದೆ.

ಇನ್ನು ನನ್ನ ದೊಡ್ಡ ತಪ್ಪು. ಜ್ರೆನ್ಯಾನಿನ್‌ನ ದಕ್ಷಿಣಕ್ಕೆ, ತ್ಸಾರ್ಸ್ಕಾ ಬಾರಾ ಜೌಗಿನ ಪಕ್ಕ ಬೇಲೋ ಬ್ಲಾತೋ ಎಂಬ ಹಳ್ಳಿ. ಹೆಸರಿಗೆ ‘ಬಿಳಿ ಕೆಸರು’ ಎಂದರ್ಥ. 2002ರ ಜನಗಣತಿಯಲ್ಲಿ 1477 ಜನ, ಅಲ್ಲಿಂದ ಇಳಿಮುಖವೇ. ಅಷ್ಟರಲ್ಲೇ ಸ್ಲೋವಾಕರು, ಹಂಗೇರಿಯನ್ನರು, ಸರ್ಬರು, ಬಲ್ಗೇರಿಯನ್ನರು. ಆ ಬಲ್ಗೇರಿಯನ್ನರು ಕ್ಯಾಥೊಲಿಕರು, ಬರೆಯುವುದು ಲ್ಯಾಟಿನ್ ಲಿಪಿಯಲ್ಲಿ. 19ನೇ ಶತಮಾನದಲ್ಲಿ ಮೊದಲು ಬಂದು ನೆಲೆಸಿದ ಜರ್ಮನ್ನರು ಇಟ್ಟ ಹೆಸರು ಎಲಿಜೆನ್‌ಹೈಮ್, ಹಂಗೇರಿಯನ್ನರದು ಎರ್ಜೆಬೆತ್ಲಾಕ್. ಎರಡೂ ಎಲಿಜಬೆತಳ ಮನೆಯೇ. ಜರ್ಮನ್ನರು ಎರಡನೆಯ ಮಹಾಯುದ್ಧದ ನಂತರ ಈ ಸೀಮೆಯಿಂದ ಹೋದರು.

ಜನವರಿ 7ರಂದು, ಸರ್ಬರ ಕ್ರಿಸ್ಮಸ್ ದಿನ, ಸಿಹಿ ಡಬ್ಬಿ ಹಿಡಿದು ಅಲ್ಲಿಯ ಒಬ್ಬ ಅಜ್ಜಿಯ ಮನೆಗೆ ಹೋದೆ. ಅಜ್ಜಿ ಸ್ಲೋವಾಕ್, ಲುಥರನ್ ಪಂಥದ ಕ್ರೈಸ್ತರು. ಅವರ ಹಬ್ಬ ಡಿಸೆಂಬರ್ 25ಕ್ಕೇ ಮುಗಿದಿತ್ತು. ಅಜ್ಜಿ ಬೇಸರಿಸಲಿಲ್ಲ, ಡಬ್ಬಿ ತೆಗೆದುಕೊಂಡು ಕೇಕು ಕೊಟ್ಟರು. ನಾನು ಸುಮ್ಮನಿರಬಾರದೇ? “ಹಾಗಾದರೆ ನೀವು ನಿಜವಾಗಿ ಎಲ್ಲಿಯವರು?” ಎಂದೆ. ಅಜ್ಜಿ ನೆಲ ತೋರಿಸಿದರು.

ಕೋಲಾರದವನು ನಾನು. ನಮ್ಮ ಮನೆಯಲ್ಲಿ ‘ನೀಳ್ಳು’, ಶಾಲೆಯಲ್ಲಿ ‘ನೀರು’, ಕೆಜಿಎಫ್‌ನ ಗೆಳೆಯರಲ್ಲಿ ‘ತಣ್ಣಿ’. ನಮ್ಮಜ್ಜಿಯನ್ನು ಯಾರಾದರೂ ನಿಜವಾದ ಊರು ಕೇಳಿದ್ದರೆ ಸೌಟು ಎತ್ತುತ್ತಿದ್ದಳು! ಅದೇ ಪ್ರಶ್ನೆಯನ್ನು ನಾನು ಇಲ್ಲಿ ಕೇಳಿದೆ. ನೀವು ಕೇಳಬೇಡಿ. ಎದುರಿಗೆ ಬಂದವರಿಗೆ ಸರ್ಬಿಯನ್‌ನಲ್ಲಿ ನಮಸ್ಕಾರವೆಂದು ‘ದೋಬರ್ ದಾನ್’ ಎನ್ನಿ, ಅವರು ಯಾವ ಭಾಷೆಯಲ್ಲಿ ಮರಳಿಸುತ್ತಾರೋ ಕೇಳಿಸಿಕೊಳ್ಳಿ.

ಸೆಪ್ಟೆಂಬರಿನಲ್ಲಿ ಹೋದರೆ ಬೀದಿಯೆಲ್ಲ ಸುಟ್ಟ ಕೆಂಪು ದಪ್ಪ ಮೆಣಸಿನಕಾಯಿಯ ವಾಸನೆ, ಅದರಿಂದ ‘ಐವರ್’ ಎಂಬ ಚಟ್ನಿ ಮಾಡುವ ಕಾಲ. ಕೆಂಡದ ಮೇಲಿನ ಬದನೆಕಾಯಿಯ ನೆನಪಾಗಿ ನಿಮ್ಮ ಬಾಯಲ್ಲೂ ನೀರೂರುತ್ತದೆ. ಅಜ್ಜಿ ಸಿಪ್ಪೆ ಬಿಡಿಸುತ್ತಾ ಮೊಮ್ಮಗನನ್ನು ಸ್ಲೋವಾಕ್‌ನಲ್ಲಿ ಗದರಿದರು, ಬೇಲಿಯಾಚೆಯವರಿಗೆ ಹಂಗೇರಿಯನ್‌ನಲ್ಲಿ ಉತ್ತರಿಸಿದರು, ನನ್ನತ್ತ ತಿರುಗಿ ಸರ್ಬಿಯನ್‌ಗೆ ಇಳಿದರು. ಬೆರಳು ಮಾತ್ರ ನಿಲ್ಲಲಿಲ್ಲ.

ಮಗಳಿಗೆ ಶಾಲೆಯಲ್ಲಿ ಕಷ್ಟವಾಗಬಾರದೆಂದು ಮೂರು ವರ್ಷ ನಾನು ಮನೆಯಲ್ಲೂ ಅವಳೊಂದಿಗೆ ಸರ್ಬಿಯನ್ ಆಡಿದೆ. ನನ್ನ ಹರಕು ಸರ್ಬಿಯನ್! ಶಾಲೆ ಅದನ್ನು ಹೇಗೂ ಕಲಿಸುತ್ತಿತ್ತು.

ಅಂದು ಅವಳು ಕುಡಿಯಲು ನೀರು ಬೇಕೆಂದು ‘ವೋದಾ’ ಕೇಳಿದಳು. ಅಜ್ಜಿ ಲೋಟ ಕೊಟ್ಟು, “ಇದು ನಮ್ಮ ಮಾತು, ಸರ್ಬರದೂ ಇದೇ. ನಿಮ್ಮದರಲ್ಲಿ ಏನೆನ್ನುತ್ತೀರಿ?” ಎಂದರು. ಮಗಳು ನನ್ನ ಮುಖ ನೋಡಿದಳು. ನಾನು ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡೆ.