ಮತಪತ್ರದಲ್ಲಿ ಇಲ್ಲದ ಹೆಸರನ್ನು ಬರೆಸಿದ ಕಥೆ: ನ್ಯಾಶುವಾದ ನನ್ನ ಅನುಭವ

ನ್ಯೂ ಹ್ಯಾಂಪ್‌ಶೈರ್‌ನ 2024ರ ಡೆಮಾಕ್ರಟಿಕ್ ಪ್ರೈಮರಿ, ಅಂದರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಮತದಾನ, ನೆನಪಿದೆ ಅಲ್ವಾ? ನ್ಯಾಶುವಾ ಅಮೆರಿಕದ ಈ ರಾಜ್ಯದ ಊರು. ಮತಪತ್ರದಲ್ಲಿ 21 ಹೆಸರು, ಆಗಿನ ಅಧ್ಯಕ್ಷ ಜೋ ಬೈಡನ್ ಅವರದ್ದು ಮಾತ್ರ ಇರಲಿಲ್ಲ. ಎಲ್ಲರಿಗಿಂತ ಮೊದಲು ಪ್ರೈಮರಿ ನಡೆಸುವ ಪಾಳಿಯನ್ನು ಪಕ್ಷ ಸೌತ್ ಕ್ಯಾರೊಲಿನಾಗೆ ಕೊಟ್ಟಿತು. ನಮ್ಮ ರಾಜ್ಯದ ಕಾನೂನು ‘ನಾವೇ ಮೊದಲು’ ಅನ್ನುತ್ತದೆ. ಈ ಜಗಳದಲ್ಲಿ ಬೈಡನ್ ಇಲ್ಲಿ ಅರ್ಜಿಯನ್ನೇ ಹಾಕಲಿಲ್ಲ. ಉಳಿದದ್ದು ರೈಟ್-ಇನ್ ಒಂದೇ, ಅಂದರೆ ಮತಪತ್ರದ ಖಾಲಿ ಗೆರೆಯಲ್ಲಿ ಮತದಾರರೇ ಹೆಸರು ಬರೆಯುವುದು. ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು, ಅಂದರೆ ಡೆಲಿಗೇಟ್‌ಗಳು, ಈ ಪ್ರೈಮರಿಯಿಂದ ಸಿಗಲ್ಲ ಅಂತಲೂ ಪಕ್ಷ ಹೇಳಿತ್ತು.

‘ಡೆಲಿಗೇಟ್‌ಗಳೇ ಸಿಗದ ಎಲೆಕ್ಷನ್‌ಗೆ ಈ ಚಳೀಲಿ ಯಾಕ್ರೀ ಸಾಯ್ತೀರಿ?’ ಅಂತ ಬಾಸ್ಟನ್ ಕಡೆಯ ಗೆಳೆಯರು ನಕ್ಕರು. ಪ್ರಚಾರದಲ್ಲಿ ಪಳಗಿದ ಒಬ್ಬರಂತೂ, ಶೇಕಡ 30 ಬಂದರೆ ದೊಡ್ಡದು ಅಂದರು. ಬೈಡನ್‌ಗೆ ಬಂದದ್ದು 64ರ ಹತ್ತಿರ. ಅದೇ ಮತಪತ್ರದಲ್ಲಿ ಹೆಸರು ಅಚ್ಚಾಗಿದ್ದ ಡೀನ್ ಫಿಲಿಪ್ಸ್‌ಗೆ 20ರ ಆಸುಪಾಸು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಎಲ್ಲಿ ಹೋಯಿತು ಅಂತ ಹೇಳುತ್ತೇನೆ. ಅಂಗಳದಲ್ಲಿ ನೆಡುವ ಪ್ರಚಾರ ಫಲಕಗಳಿಗೆ, ಅಂದರೆ ಯಾರ್ಡ್ ಸೈನ್‌ಗಳಿಗೆ, ಕೈಯಿಂದ ಮುನ್ನೂರು ಡಾಲರ್ ಹಾಕಿದೆ. ಜನವರಿಯ ನೆಲಕ್ಕೆ ತಂತಿ ಕಾಲು ಇಳಿಯುತ್ತಾ? ಬಾಗಿ ಹೋಗುತ್ತದೆ. ಸುತ್ತಿಗೆಯಿಂದ ಕಬ್ಬಿಣದ ಸರಳು ಹೊಡೆದು ತೂತು ಮಾಡಿ ನೆಟ್ಟೆವು. ರಾತ್ರಿ ಹಿಮ ತಳ್ಳುವ ಗಾಡಿ ಬಂತು, ಬೆಳಿಗ್ಗೆ ಅರ್ಧಕ್ಕರ್ಧ ಸೈನ್ ಹಿಮದ ರಾಶಿಯೊಳಗೆ. ಆಮೇಲೆ ಕರಪತ್ರ. ಪ್ರಿಂಟ್ ಮಾಡಿಕೊಟ್ಟವರು ಖಾಲಿ ಗೆರೆಯನ್ನು ಎಷ್ಟು ತೆಳ್ಳಗೆ ಹಾಕಿದ್ದರೆಂದರೆ ವಯಸ್ಸಾದವರಿಗೆ ಕಾಣುತ್ತಲೇ ಇರಲಿಲ್ಲ. ಕಂಡವರೂ ಓದಿ ಕಸದ ಬುಟ್ಟಿಗೆ ಹಾಕಿದರು. ಕೇಳಿದ್ದು ಓದಿದ್ದು ಬೂತ್‌ನೊಳಗೆ ಹೋಗುವಷ್ಟರಲ್ಲಿ ಮರೆತೇ ಹೋಗುತ್ತದೆ.

ಹಾಸನದ ಕಡೆಯ ಹಿರಿಯರೊಬ್ಬರು ಇಲ್ಲಿ ಮಗನ ಜೊತೆ ಇದ್ದಾರೆ, ಸಿಟಿಜನ್ ಆಗಿ ಬಹಳ ವರ್ಷವಾಯಿತು. ಅವರು ಬಾಗಿಲಲ್ಲೇ ಕೇಳಿದರು, ‘ಅಲ್ಲಪ್ಪಾ, ಅರ್ಜೀನೇ ಹಾಕದವನಿಗೆ ವೋಟು ಹೇಗೆ ಹಾಕೋದು?’ ವಿವರಿಸುವ ಬದಲು ಕಾಗದ, ಪೆನ್ನು ಕೈಗೆ ಕೊಟ್ಟೆ. ಹೆಸರು ಬರೆದರು. ‘ಇಷ್ಟೇನಾ?’ ಅಂದರು. ನನಗೆ ದಾರಿ ಸಿಕ್ಕಿದ್ದು ಅಲ್ಲೇ.

ಅವತ್ತಿನಿಂದ ಮಾತು ಕಡಿಮೆ ಮಾಡಿದೆ. ಅಂಗೈಯಗಲದ ಗಟ್ಟಿ ಕಾಗದದಲ್ಲಿ ಒಂದು ಅಂಡಾಕಾರ, ಪಕ್ಕದಲ್ಲಿ ಖಾಲಿ ಗೆರೆ. ಮತದಾರರು ಅಲ್ಲೇ ನಿಂತು ಅಂಡಾಕಾರ ತುಂಬಿ, ಹೆಸರು ಬರೆಯಬೇಕು. ಎರಡೂ ಮಾಡಿಸಬೇಕು, ಒಂದನ್ನು ಬಿಟ್ಟರೆ ಕೈಗೆ ಅಭ್ಯಾಸ ಆಗಲ್ಲ. ಬಾಲ್‌ಪೆನ್ ಚಳಿಗೆ ಗಟ್ಟಿಯಾಗಿ ಬರೀ ಗೀರುತ್ತದೆ, ಹಾಗಾಗಿ ಪೆನ್ಸಿಲ್. ಒಂದು ಡಬ್ಬಕ್ಕೆ ಹತ್ತು ಡಾಲರೂ ಇಲ್ಲ. ಆ ಕಾಗದವನ್ನು ವಾಪಸ್ ತೆಗೆದುಕೊಳ್ಳುವುದಾ, ಅವರಲ್ಲೇ ಬಿಡುವುದಾ ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಹೇಳಲ್ಲ, ಮುಂದಿನ ಸಲಕ್ಕೆ ನನಗೇ ಬೇಕು.

ನಿಜವಾದ ಕಷ್ಟ ಡೆಮಾಕ್ರಟರದ್ದಲ್ಲ, ಯಾವ ಪಕ್ಷದಲ್ಲೂ ಹೆಸರು ನೋಂದಾಯಿಸದ ಅನ್‌ಡಿಕ್ಲೇರ್ಡ್ ಮತದಾರರದ್ದು. ಅವರು ಆ ದಿನ ಯಾವ ಪಕ್ಷದ ಮತಪತ್ರ ಬೇಕಾದರೂ ಕೇಳಬಹುದು. ಟ್ರಂಪ್‌ಗೆ ಏಟು ಕೊಡೋಣ ಅಂತ ಎಷ್ಟೋ ಜನ ರಿಪಬ್ಲಿಕನ್ ಪ್ರೈಮರಿಯಲ್ಲಿ ಅವರ ಎದುರಾಳಿಯಾಗಿದ್ದ ನಿಕ್ಕಿ ಹೇಲಿ ಕಡೆ ಹೊರಟಿದ್ದರು. ನಮ್ಮ ಕೆಲವು ಸ್ವಯಂಸೇವಕರು ಅವರ ಜೊತೆ ವಾದಕ್ಕೆ ನಿಂತು ಇಡೀ ಸಂಜೆ ಕಳೆದರು. ನಾನು ನಮಸ್ಕಾರ ಹೇಳಿ ಮುಂದಿನ ಮನೆಗೆ ಹೋದೆ. ಒಬ್ಬರನ್ನು ತಿರುಗಿಸುವ ಹೊತ್ತಿಗೆ ಒಪ್ಪಿಕೊಂಡವರ ನಾಲ್ಕು ಮನೆ ಮುಗಿಯುತ್ತದೆ.

ಫೋನ್ ಕೂಡ ಪ್ರಯತ್ನಿಸಿದೆವು. ತೆಲುಗು ಬರುವ ಗೆಳತಿಯೊಬ್ಬರು ತೆಲುಗಿನಲ್ಲಿ, ನಾನು ಕನ್ನಡದಲ್ಲಿ. ಚೆನ್ನಾಗಿಯೇ ನಡೆಯುತ್ತಿತ್ತು. ಮತದಾನಕ್ಕೆ ಎರಡು ದಿನ ಇದ್ದಾಗ ಬೈಡನ್ ದನಿಯನ್ನು ಎಐನಲ್ಲಿ ನಕಲು ಮಾಡಿದ ಕರೆ ಮನೆಮನೆಗೆ ಹೋಯಿತು: ಈಗ ವೋಟು ಹಾಕಬೇಡಿ, ನವೆಂಬರ್‌ಗೆ ಉಳಿಸಿಕೊಳ್ಳಿ ಅಂತ. ಮಾಡಿಸಿದವನಿಗೆ ಆಮೇಲೆ 60 ಲಕ್ಷ ಡಾಲರ್ ದಂಡ ಬಿತ್ತು, ಆದರೆ ಮತದಾನದ ಹಿಂದಿನ ದಿನ, ಸೋಮವಾರ, ನಮ್ಮ ಫೋನ್ ಯಾರೂ ಎತ್ತಲಿಲ್ಲ. ಮತ್ತೆ ಬಾಗಿಲಿಗೇ ಹೋದೆವು.

ಮಕ್ಕಳ ಕೈಯಲ್ಲಿ ಪೋಸ್ಟ್‌ಕಾರ್ಡ್ ಬರೆಸಿದ್ದೂ ಉಂಟು. ಅಂಚೆಚೀಟಿಗೇ ಅರವತ್ತೋ ಎಪ್ಪತ್ತೋ ಡಾಲರ್ ಹೋಯಿತು. ಕೆಲವು ಫೆಬ್ರವರಿಯಲ್ಲಿ ತಲುಪಿದವಂತೆ! ಮತದಾನದ ದಿನ ಹೊರಗೆ ಸೈನ್ ಹಿಡಿದು ನಿಂತವರಿಗೆ ಫ್ಲಾಸ್ಕಿನಲ್ಲಿ ಶುಂಠಿ ಚಹಾ ಕೊಟ್ಟೆ. ಅದರ ಲೆಕ್ಕ ಇಟ್ಟಿಲ್ಲ, ಆದರೆ ನಮ್ಮ ವಾರ್ಡಿನವರು ಮಾತ್ರ ಯಾರೂ ಮಧ್ಯಾಹ್ನಕ್ಕೆ ಮನೆಗೆ ಓಡಲಿಲ್ಲ.

ಹಳೆಯ ಲೆಕ್ಕ ಗೊತ್ತಿದ್ದವರಿಗೆ ಇದು ಅಷ್ಟು ವಿಚಿತ್ರ ಅಲ್ಲ. 1964ರಲ್ಲಿ ಹೆನ್ರಿ ಕ್ಯಾಬಟ್ ಲಾಡ್ಜ್ ದಕ್ಷಿಣ ವಿಯೆಟ್ನಾಂನ ಸೈಗಾನ್‌ನಲ್ಲಿ ಅಮೆರಿಕದ ರಾಯಭಾರಿಯಾಗಿ ಕುಳಿತಿದ್ದಾಗಲೇ ಇಲ್ಲಿ ರಿಪಬ್ಲಿಕನ್ ಪ್ರೈಮರಿಯನ್ನು ರೈಟ್-ಇನ್‌ನಿಂದ ಗೆದ್ದರು. 1968ರಲ್ಲಿ ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಕೂಡ ಡೆಮಾಕ್ರಟಿಕ್ ಪ್ರೈಮರಿಯನ್ನು ಹೀಗೇ ಗೆದ್ದರು, ಆದರೆ ಎದುರಾಳಿ ಯೂಜೀನ್ ಮೆಕಾರ್ಥಿಗೆ ಶೇಕಡ 42 ಬಂತು. ತಿಂಗಳು ಮುಗಿಯುವುದರೊಳಗೆ ಜಾನ್ಸನ್ ಕಣದಿಂದಲೇ ಸರಿದರು. ಆ ಕಥೆ ಗೊತ್ತಿದ್ದರಿಂದಲೇ ಬರೀ ಗೆದ್ದರೆ ಸಾಲದು, ದೊಡ್ಡ ಅಂತರದಲ್ಲೇ ಗೆಲ್ಲಬೇಕು ಅಂತ ನಾನು ಹಟ ಹಿಡಿದದ್ದು.

ರಾತ್ರಿ ಎಣಿಕೆ ನಿಧಾನ. ಬರೆದ ಹೆಸರನ್ನು ಜನರೇ ಕೂತು ಓದಬೇಕು. ಸ್ಪೆಲಿಂಗ್ ತಪ್ಪಿದ್ದರೂ ಯಾರಿಗೆ ಹಾಕಿದ್ದು ಅಂತ ಗೊತ್ತಾದರೆ ಲೆಕ್ಕಕ್ಕೆ ಬರುತ್ತದೆ. ಅದೇ ಗೆರೆಯಲ್ಲಿ ಗಾಜಾಕ್ಕಾಗಿ ‘ಸೀಸ್‌ಫೈರ್’ (ಕದನವಿರಾಮ) ಅಂತ ಬರೆದವರೂ ರಾಜ್ಯದಲ್ಲಿ ಸಾವಿರದೈನೂರರಷ್ಟಿದ್ದರು. ಅವರಿಗೂ ಬರೆಸುವ ಕಲೆ ಗೊತ್ತಿತ್ತು.

ಡೆಲಿಗೇಟ್‌ಗಳ ವಿಷಯ ಕೇಳಿ ನಕ್ಕವರಿಗೆ ಒಂದು ಮಾತು: ವಸಂತಕಾಲದಲ್ಲಿ ಪಕ್ಷ ನ್ಯೂ ಹ್ಯಾಂಪ್‌ಶೈರ್‌ನವರನ್ನೂ ಸಮಾವೇಶಕ್ಕೆ ಸೇರಿಸಿಕೊಂಡಿತು. ನನ್ನ ಜೇಬಿನಿಂದ ಒಟ್ಟು ಹೋದದ್ದು ಆರೇಳು ನೂರು ಡಾಲರ್. ಕೆಲಸಕ್ಕೆ ಬಂದದ್ದು ಅದರಲ್ಲಿ ನಲವತ್ತು ಇರಬಹುದು, ಪೆನ್ಸಿಲ್ ಮತ್ತು ಗಟ್ಟಿ ಕಾಗದದ್ದು.